ಕೋಣೆಯ ಚಿತ್ರ ನೋಡಿದಿರಿ, ಮೆಟ್ಟಿಲು ನೋಡಿದಿರಾ?

ಹೋಟೆಲು, ವಸತಿಗೃಹಗಳ ಅಗ್ನಿಸುರಕ್ಷತೆಯನ್ನು ಪರಿಶೀಲಿಸಿ ವರದಿ ಕೊಡುವುದು ನನ್ನ ಉದ್ಯೋಗ. ಇದನ್ನು ಬಲ್ಲ ಪರಿಚಿತರು ಯಾವುದಾದರೂ ಮಹಾನಗರಕ್ಕೆ ಹೊರಡುವ ಮುನ್ನ ನನ್ನನ್ನು ಒಂದು ಮಾತು ಕೇಳುತ್ತಾರೆ. ಕೇಳುವ ರೀತಿಯೂ ಹೆಚ್ಚುಕಡಿಮೆ ಒಂದೇ. ಮೊದಲು ಮೊಬೈಲಿಗೆ ನಾಲ್ಕೈದು ಚಿತ್ರಗಳು ಬರುತ್ತವೆ: ಬಿಳಿಯ ಹಾಸಿಗೆ, ಅದರ ಮೇಲೆ ಹಂಸದ ಆಕಾರಕ್ಕೆ ಮಡಚಿಟ್ಟ ಟವೆಲ್, ಫಳಫಳ ಹೊಳೆಯುವ ಸ್ನಾನದ ಮನೆ, ಗೋಡೆಗೆ ಅಂಟಿದ ದೊಡ್ಡ ಟಿ.ವಿ. ಅದರ ಹಿಂದೆಯೇ ಪ್ರಶ್ನೆ: "ಬಾಡಿಗೆ ಕೈಗೆಟಕುವಂತಿದೆ, ನೋಡಲೂ ಚೆನ್ನಾಗಿದೆ, ಸುರಕ್ಷಿತ ತಾನೆ?" ಆ ಕಟ್ಟಡದಲ್ಲಿ ಹತ್ತಿ ಇಳಿಯಲು ಎಷ್ಟು ಮೆಟ್ಟಿಲ ದಾರಿಗಳಿವೆ, ಕೋಣೆ ಎಷ್ಟನೆಯ ಮಹಡಿಯಲ್ಲಿದೆ, ಕಿಟಕಿ ತೆರೆದರೆ ಏನು ಕಾಣುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಸ್ವಲ್ಪ ಹೊತ್ತು ಉತ್ತರವಿರುವುದಿಲ್ಲ. ಆಮೇಲೆ ಬರುವ ಉತ್ತರ: "ಲಿಫ್ಟ್ ಇದೆಯಲ್ಲ!"

ನನ್ನ ತಾಳ್ಮೆಯನ್ನು ಇಷ್ಟು ಪರೀಕ್ಷಿಸುವ ಮಾತು ಬೇರೊಂದಿಲ್ಲ. ಬಾಗಿಲ ಚಿಲಕ ನೋಡಿಕೊಳ್ಳಿ, ಬೆಲೆಬಾಳುವ ವಸ್ತುಗಳನ್ನು ಕೋಣೆಯಲ್ಲಿ ಬಿಟ್ಟು ಹೋಗಬೇಡಿ, ಅಪರಿಚಿತರು ಬಾಗಿಲು ತಟ್ಟಿದರೆ ರಿಸೆಪ್ಷನ್‌ಗೆ ಫೋನು ಮಾಡಿ ವಿಚಾರಿಸಿ ಎಂಬುದನ್ನೆಲ್ಲ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಕಳ್ಳರ ವಿಷಯದಲ್ಲಿ ಜನರು ಸಾಕಷ್ಟು ಎಚ್ಚರವಾಗಿಯೇ ಇದ್ದಾರೆ. ಅವರ ಗಮನಕ್ಕೆ ಬಾರದಿರುವುದು ಕಟ್ಟಡ. ನಾವು ದುಡ್ಡು ಕೊಡುವುದು ಒಂದು ಕೋಣೆಗೆ, ಆದರೆ ರಾತ್ರಿ ಮಲಗುವುದು ಒಂದು ಇಡೀ ಕಟ್ಟಡದೊಳಗೆ. ಆ ಕಟ್ಟಡದ ಕೆಳಗೆ ಅಡುಗೆಮನೆ ಇರಬಹುದು, ಪಕ್ಕದಲ್ಲಿ ಜನರೇಟರ್ ಇರಬಹುದು, ಯಾವುದೋ ಮಹಡಿಯಲ್ಲಿ ಯಾರೋ ಸಿಗರೇಟು ಹಿಡಿದುಕೊಂಡೇ ನಿದ್ದೆಹೋಗಿರಬಹುದು. ಇವೆಲ್ಲಕ್ಕೂ ನಿಮ್ಮ ಕೋಣೆಗೂ ನಡುವೆ ಏನಿದೆ ಎಂಬುದೇ ನನ್ನ ದೃಷ್ಟಿಯಲ್ಲಿ ಹೋಟೆಲಿನ ಸುರಕ್ಷತೆ. ಅದಕ್ಕೂ ಬಾಡಿಗೆಗೂ ಜನರು ಭಾವಿಸುವಷ್ಟು ನೇರವಾದ ಸಂಬಂಧವಿಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಷ್ಟು ಸಲ ಹೇಳಿದರೂ ತಪ್ಪು ತಿಳಿವಳಿಕೆ ಉಳಿದುಬಿಡುವುದು ಇಲ್ಲಿಯೇ. ಹೋಟೆಲಿಗೆ ಬೆಂಕಿ ಬಿತ್ತು ಎಂದಾಗ ಎಲ್ಲರ ಕಣ್ಣಮುಂದೆ ಬರುವುದು ಜ್ವಾಲೆ. ಆದರೆ ಇಂಥ ಅವಘಡಗಳಲ್ಲಿ ಹೆಚ್ಚು ಜನರ ಪ್ರಾಣ ತೆಗೆಯುವುದು ಹೊಗೆ. ಫೋಮ್ ಹಾಸಿಗೆ, ಪರದೆ, ರತ್ನಗಂಬಳಿ, ಪ್ಲಾಸ್ಟಿಕ್ ಸಾಮಗ್ರಿಗಳು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಸಯನೈಡ್ ಅನಿಲಗಳು ಹೊರಬರುತ್ತವೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೊಗೆಯ ವಾಸನೆ ಬಂದರೆ ತಾನಾಗಿಯೇ ಎಚ್ಚರವಾಗುತ್ತದೆಂದು ಅನೇಕರು ನಂಬಿದ್ದಾರೆ. ನಿದ್ದೆಯಲ್ಲಿ ನಮ್ಮ ಘ್ರಾಣಶಕ್ತಿ ಬಹುಮಟ್ಟಿಗೆ ಮಂಕಾಗಿರುವುದರಿಂದ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬಿಸಿಯಾದ ಹೊಗೆ ಮೇಲಕ್ಕೇರುತ್ತದೆ, ಏರಲು ದಾರಿ ಹುಡುಕುತ್ತದೆ. ಬಾಗಿಲಿಲ್ಲದ ಮೆಟ್ಟಿಲು ಅದರ ಪಾಲಿಗೆ ಒಲೆಯ ಮೇಲಿನ ಹೊಗೆಗೂಡೇ ಸರಿ. ಲಿಫ್ಟಿನ ಬಾವಿಯಲ್ಲಿಯೂ, ಪೈಪುಗಳು ಹಾದುಹೋಗುವ ಡಕ್ಟ್‌ನಲ್ಲಿಯೂ ನಡೆಯುವುದು ಇದೇ. ಹೀಗಾಗಿ ಬೆಂಕಿ ಕೆಳಗೆಲ್ಲೋ ಇದ್ದರೂ ಮೇಲಿನ ಮಹಡಿಯವರು ಉಸಿರುಗಟ್ಟುತ್ತಾರೆ.

ಇದಕ್ಕೆ ಅತ್ಯಂತ ಕಠೋರವಾದ ಉದಾಹರಣೆ 1980ರ ನವೆಂಬರ್ 21ರ ಬೆಳಿಗ್ಗೆ ಅಮೆರಿಕದ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ ನಡೆದದ್ದು. ನೆಲ ಅಂತಸ್ತಿನ ಉಪಾಹಾರ ಗೃಹವೊಂದರಲ್ಲಿ ವಿದ್ಯುತ್ ದೋಷದಿಂದ ಹೊತ್ತಿಕೊಂಡ ಬೆಂಕಿ ಪಕ್ಕದ ಜೂಜಿನ ಸಭಾಂಗಣವನ್ನು ಸುಟ್ಟಿತೇ ಹೊರತು ಮೇಲೆ ಅತಿಥಿಗಳು ಮಲಗಿದ್ದ ಮಹಡಿಗಳನ್ನು ಸುಡಲಿಲ್ಲ. ಸತ್ತವರು 85 ಮಂದಿ, ಅವರಲ್ಲಿ ಹೆಚ್ಚಿನವರು ಆ ಮೇಲಿನ ಮಹಡಿಗಳಲ್ಲಿದ್ದವರು, ಹೊಗೆಯಿಂದ ಸತ್ತವರು. ಅದು ಅಗ್ಗದ ಲಾಡ್ಜ್ ಆಗಿರಲಿಲ್ಲ, ವೈಭವಕ್ಕೆ ಹೆಸರಾದ ಹೋಟೆಲಾಗಿತ್ತು ಎಂಬುದನ್ನು, ದುಬಾರಿಯಾದದ್ದೆಲ್ಲ ಸುರಕ್ಷಿತ ಎನ್ನುವವರಿಗಾಗಿ ಸೇರಿಸುತ್ತಿದ್ದೇನೆ. ಇನ್ನೂ ಹಿಂದೆ, 1946ರ ಡಿಸೆಂಬರ್ 7ರ ನಸುಕಿನಲ್ಲಿ, ಅದೇ ದೇಶದ ಅಟ್ಲಾಂಟಾ ನಗರದ ವೈನ್‌ಕಾಫ್ ಹೋಟೆಲಿನಲ್ಲಿ 119 ಮಂದಿ ಸತ್ತರು. ಬೆಂಕಿಗೆ ಜಗ್ಗದ ಕಟ್ಟಡವೆಂದೇ ಆ ಹೋಟೆಲು ತನ್ನನ್ನು ಪ್ರಚಾರ ಮಾಡಿಕೊಂಡಿತ್ತು. ಒಂದರ್ಥದಲ್ಲಿ ಅದು ಸುಳ್ಳೂ ಅಲ್ಲ: ಕಟ್ಟಡದ ಚೌಕಟ್ಟು ನಿಂತೇ ಇತ್ತು, ಇಂದಿಗೂ ನಿಂತಿದೆ. ಆದರೆ ಹದಿನೈದು ಮಹಡಿಗಳಿಗೆ ಇದ್ದದ್ದು ಒಂದೇ ಮೆಟ್ಟಿಲ ದಾರಿ. ಅದೂ ತೆರೆದ ಮೆಟ್ಟಿಲು. ಹೊಗೆಯನ್ನು ತಡೆಯುವ ಬಾಗಿಲು ಯಾವ ಮಹಡಿಯಲ್ಲಿಯೂ ಇರಲಿಲ್ಲ. ಕಟ್ಟಡ ಉಳಿಯಿತು, ಒಳಗಿದ್ದವರಲ್ಲಿ ಅನೇಕರು ಉಳಿಯಲಿಲ್ಲ.

ಆದ್ದರಿಂದ ನಾನು ಒಂದು ಹೋಟೆಲಿಗೆ ಕಾಲಿಟ್ಟಾಗ ಮೊದಲು ನೋಡುವುದು ಎರಡನೆಯ ಮೆಟ್ಟಿಲ ದಾರಿಯನ್ನು. ಮೊದಲನೆಯದು ಲಿಫ್ಟಿನ ಪಕ್ಕದಲ್ಲಿ, ಅಮೃತಶಿಲೆ ಹೊದ್ದು, ಎಲ್ಲರಿಗೂ ಕಾಣುವಂತೆ ಇರುತ್ತದೆ. ಎರಡನೆಯದು ಕಾರಿಡಾರಿನ ಇನ್ನೊಂದು ತುದಿಯಲ್ಲಿ, ಹಸಿರು ದೀಪದ ಫಲಕದ ಕೆಳಗೆ ಇರಬೇಕು. ಇರಬೇಕು ಎಂದೆ, ಇರುತ್ತದೆ ಎನ್ನಲಿಲ್ಲ. ಒಮ್ಮೆ ಒಂದು ಮಧ್ಯಮ ದರ್ಜೆಯ ಹೋಟೆಲಿನಲ್ಲಿ ಆ ಬಾಗಿಲನ್ನು ತಳ್ಳಿದಾಗ ಅದು ಗೇಣುದ್ದ ತೆರೆದು ನಿಂತುಬಿಟ್ಟಿತು. ಸಂದಿಯಲ್ಲಿ ಇಣುಕಿದರೆ ಮೆಟ್ಟಿಲುಗಳ ಮೇಲೆ ಸಾಲಾಗಿ ಒರಗಿಸಿಟ್ಟ ಹಳೆಯ ಹಾಸಿಗೆಗಳು, ಅವುಗಳ ಮೇಲೆ ಮೂಟೆ ಕಟ್ಟಿದ ಬೆಡ್‌ಶೀಟುಗಳು, ಮೆಟ್ಟಿಲಿನ ಹಿಡಿಕಂಬಿಯ ಮೇಲೆ ಒಣಗಲು ಹಾಕಿದ ನೆಲ ಒರೆಸುವ ಬಟ್ಟೆ. ಜೊತೆಯಲ್ಲಿದ್ದ ಮ್ಯಾನೇಜರು ಸಜ್ಜನರು, ಮುಖ ಸಣ್ಣದು ಮಾಡಿಕೊಂಡು ಹೇಳಿದರು: "ಸರ್, ಈ ಮೆಟ್ಟಿಲನ್ನು ಯಾವ ಗೆಸ್ಟೂ ಕೇಳುವುದಿಲ್ಲ. ಎಲ್ಲರೂ ಕೇಳುವುದು ವೈಫೈ." ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಗಿರಾಕಿ ಕೇಳದಿರುವುದನ್ನು ಮಾಲೀಕ ಕಾಪಾಡುವುದು ತಪಾಸಣೆಯವರು ಬರುವ ದಿನ ಮಾತ್ರ. ಆ ಹಾಸಿಗೆಗಳು ಮರುದಿನ ಅಲ್ಲಿರಲಿಲ್ಲ; ಮುಂದಿನ ತಿಂಗಳು ಇದ್ದವೋ ಇಲ್ಲವೋ, ನಾನು ಆಣೆ ಇಡಲಾರೆ.

ಮೆಟ್ಟಿಲಿನ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಬೇಕು. ಗಾಳಿ ಬರಲಿ ಎಂದು ಅದಕ್ಕೆ ಇಟ್ಟಿಗೆ ಅಥವಾ ಅಗ್ನಿಶಾಮಕ ಸಿಲಿಂಡರನ್ನೇ ಅಡ್ಡ ಇಟ್ಟಿರುವುದನ್ನು ಕಂಡರೆ ಆ ಹೋಟೆಲಿನವರಿಗೆ ಬಾಗಿಲು ಏಕಿದೆಯೆಂಬುದೇ ತಿಳಿದಿಲ್ಲವೆಂದು ಅರ್ಥ. ಬೀಗ ಹಾಕಿದ್ದರೆ ಅಲ್ಲಿ ಉಳಿಯಬೇಡಿ. ಈ ಒಂದು ವಿಷಯದಲ್ಲಿ ನಾನು "ಸಾಮಾನ್ಯವಾಗಿ", "ಸಾಧ್ಯವಾದರೆ" ಎಂಬ ಮಾತುಗಳನ್ನು ಸೇರಿಸುವುದಿಲ್ಲ.

ಕಿಟಕಿಯ ಸಂಗತಿಯನ್ನೂ ಹೇಳಬೇಕು, ಏಕೆಂದರೆ ಕಡಿಮೆ ಬಾಡಿಗೆಯ ಗುಟ್ಟು ಹಲವು ಸಲ ಅಲ್ಲಿರುತ್ತದೆ. ದೊಡ್ಡ ನಗರಗಳಲ್ಲಿ ಅತ್ಯಂತ ಅಗ್ಗದ ಕೋಣೆಗಳು ಕಟ್ಟಡದ ಹೊಟ್ಟೆಯೊಳಗಿನವು. ಅವುಗಳಿಗೆ ಕಿಟಕಿಯೇ ಇರುವುದಿಲ್ಲ, ಅಥವಾ ಪರದೆ ಸರಿಸಿದರೆ ಎದುರಿಗೆ ಗೋಡೆ, ಕೆಳಗೆ ಪೈಪುಗಳು ಇಳಿದ ಕತ್ತಲ ಡಕ್ಟ್ ಕಾಣುತ್ತದೆ. ಡಕ್ಟ್‌ಗೆ ತೆರೆಯುವ ಕಿಟಕಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಪತ್ತಿನಲ್ಲಿ ಅದರಿಂದ ಗಾಳಿಗಿಂತ ಮೊದಲು ಹೊಗೆ ಬರುತ್ತದೆ. ಕಿಟಕಿ ರಸ್ತೆಯ ಕಡೆಗಿರಬೇಕು, ಕೊನೆಯ ಪಕ್ಷ ಬಯಲಿಗಾದರೂ ತೆರೆಯಬೇಕು. ಹೊರಗಿನವರಿಗೆ ನೀವು ಕಾಣುವಂತಿರಬೇಕು. ಒಳಗಿನಿಂದ ತೆರೆಯಲಾಗದ ಕಬ್ಬಿಣದ ಜಾಲರಿಯನ್ನು ಕಳ್ಳರ ಭಯಕ್ಕೆ ಹಾಕಿರುತ್ತಾರೆ, ಆದರೆ ಅದು ಅಗ್ನಿಶಾಮಕ ದಳದವರನ್ನೂ ಹೊರಗೇ ನಿಲ್ಲಿಸುತ್ತದೆ.

ಮಹಡಿಯ ಆಯ್ಕೆಯಲ್ಲಿ ನನ್ನ ಸಲಹೆ ಎರಡರಿಂದ ಆರರವರೆಗೆ. ಅಗ್ನಿಶಾಮಕ ವಾಹನಗಳ ಏಣಿಗಳಲ್ಲಿ ಹೆಚ್ಚಿನವು 30 ಮೀಟರಿನ ಆಸುಪಾಸಿನವು. ಏಣಿಯನ್ನು ಓರೆಯಾಗಿ ಚಾಚಬೇಕಾದುದರಿಂದ ಅದರ ಪೂರ್ತಿ ಉದ್ದ ಎತ್ತರವಾಗಿ ದಕ್ಕುವುದಿಲ್ಲ. ಇಕ್ಕಟ್ಟಾದ ಗಲ್ಲಿಯಾದರೆ ವಾಹನವೇ ಹತ್ತಿರ ಬಾರದು. ಇದರರ್ಥ ಹತ್ತನೆಯ ಮಹಡಿಯೆಲ್ಲ ಅಪಾಯಕಾರಿ ಎಂದಲ್ಲ. ಒತ್ತಡದ ಗಾಳಿಯಿಂದ ಹೊಗೆಯನ್ನು ತಡೆಯುವ ಮೆಟ್ಟಿಲುಗಳೂ ಸ್ಪ್ರಿಂಕ್ಲರ್‌ಗಳೂ ಇರುವ, ಚೆನ್ನಾಗಿ ನಿರ್ವಹಿಸಿದ ಎತ್ತರದ ಹೋಟೆಲು, ಏನೂ ಇಲ್ಲದ ನಾಲ್ಕು ಮಹಡಿಯ ಲಾಡ್ಜಿಗಿಂತ ಮೇಲು. ಆದರೆ ಬಾಡಿಗೆ ಉಳಿಸಲು ಹೊರಟವರಿಗೆ ಅಂಥ ವ್ಯವಸ್ಥೆ ಸಿಗುವುದು ಅಪರೂಪ, ಆದ್ದರಿಂದ ಕೆಳಗಿನ ಮಹಡಿಯೇ ಕ್ಷೇಮ.

ಸ್ಪ್ರಿಂಕ್ಲರ್ ಎಂದೊಡನೆ ನೆನಪಾಯಿತು. ಚಾವಣಿಯಲ್ಲೋ ಗೋಡೆಯಲ್ಲೋ ಕಾಣುವ ಆ ಪುಟ್ಟ ಲೋಹದ ಮೂತಿಯಲ್ಲಿ ಬಣ್ಣದ ದ್ರವ ತುಂಬಿದ ಗಾಜಿನ ಸಣ್ಣ ಕೊಳವೆಯೊಂದಿರುತ್ತದೆ. ಕೆಂಪು ಬಣ್ಣವಿದ್ದರೆ ಅದು ಸುಮಾರು 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆದು ನೀರು ಚಿಮ್ಮಿಸುತ್ತದೆ. ಶಾಖ ತಗುಲಿದ ಮೂತಿ ಮಾತ್ರ ಒಡೆಯುತ್ತದೆ. ಸಿನಿಮಾಗಳಲ್ಲಿ ತೋರಿಸುವಂತೆ ಇಡೀ ಹೋಟೆಲಿನಲ್ಲಿ ಒಟ್ಟಿಗೆ ಮಳೆ ಸುರಿಯುವುದಿಲ್ಲ. ಅತಿಥಿಗಳು ಅದಕ್ಕೆ ಹ್ಯಾಂಗರ್ ಸಿಕ್ಕಿಸಿ ಒದ್ದೆ ಅಂಗಿ ನೇತುಹಾಕುತ್ತಾರೆ. ಗಾಜು ಒಡೆದರೆ ನಿಮ್ಮ ಸೂಟ್‌ಕೇಸು ಮಾತ್ರವಲ್ಲ, ಕೆಳಗಿನ ಮಹಡಿಯವರ ಹಾಸಿಗೆಯೂ ತೊಯ್ಯುತ್ತದೆ, ಬಿಲ್ಲು ನಿಮಗೇ ಬರುತ್ತದೆ. ಸಿಗರೇಟು ಸೇದಲೆಂದು ಸ್ಮೋಕ್ ಡಿಟೆಕ್ಟರಿಗೆ ಸ್ನಾನದ ಟೋಪಿ ತೊಡಿಸುವ ಮಹಾನುಭಾವರೂ ಇದ್ದಾರೆ. ನಿಮಗೆ ಕೊಟ್ಟ ಕೋಣೆಯಲ್ಲಿ ಹಿಂದಿನವರು ತೊಡಿಸಿ ಹೋದದ್ದು ಹಾಗೆಯೇ ಇದ್ದರೆ ತೆಗೆಸಿರಿ, ಅಲ್ಲಿ ಸ್ವಚ್ಛತೆ ಹೇಗಿದೆಯೆಂಬುದೂ ಅಷ್ಟರಲ್ಲಿ ತಿಳಿದುಹೋಗುತ್ತದೆ.

ಇನ್ನು ದುಡ್ಡಿನ ಮಾತು. ಸುರಕ್ಷತೆಗೆ ಹೆಚ್ಚು ಖರ್ಚಾಗುತ್ತದೆಂಬ ಭಾವನೆಯಿಂದಲೇ ಅನೇಕರು ಈ ಪ್ರಶ್ನೆಗಳನ್ನು ಕೇಳಲು ಹಿಂಜರಿಯುತ್ತಾರೆ. ನಿಮ್ಮ ಬಾಡಿಗೆಯ ದೊಡ್ಡ ಪಾಲು ಹೋಗುವುದು ಬಡಾವಣೆಯ ಪ್ರತಿಷ್ಠೆಗೆ, ಈಜುಕೊಳಕ್ಕೆ, ವಿಶಾಲವಾದ ಲಾಬಿಗೆ, ಬುಕಿಂಗ್ ಜಾಲತಾಣದ ಕಮಿಷನ್ನಿಗೆ. ಇವನ್ನು ಬಿಟ್ಟುಕೊಟ್ಟರೆ ನಿಮಗೆ ನಷ್ಟವಿಲ್ಲ. ನಕ್ಷತ್ರಗಳ ಎಣಿಕೆಯೂ ಬಹುಮಟ್ಟಿಗೆ ಸೌಕರ್ಯಗಳ ಎಣಿಕೆಯೇ, ಅದರ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಕಚೇರಿಗಳೇ ತುಂಬಿದ ಪ್ರದೇಶದ ಹೋಟೆಲುಗಳಲ್ಲಿ ವಾರಾಂತ್ಯಕ್ಕೆ ಬಾಡಿಗೆ ಇಳಿಯುವುದುಂಟು, ಪ್ರವಾಸಿಗರ ಪ್ರದೇಶದಲ್ಲಿ ಇದಕ್ಕೆ ತಿರುಗುಮುರುಗು. ಜಾಲತಾಣದ ಮೊದಲ ಪುಟದ ದರವನ್ನು ನಂಬದೆ, ತೆರಿಗೆ ಮತ್ತು ಇತರ ಶುಲ್ಕಗಳು ಸೇರಿದ ಕೊನೆಯ ಮೊತ್ತವನ್ನು ಹೋಲಿಸಿ ನೋಡಿ. ಊರಾಚೆಯ ಅಗ್ಗದ ಕೋಣೆಯಾದರೆ ಅದಕ್ಕೆ ಟ್ಯಾಕ್ಸಿಯ ಖರ್ಚನ್ನೂ, ಅಪರಾತ್ರಿಯಲ್ಲಿ ಅಷ್ಟು ದೂರ ಮರಳಬೇಕಾದ ಗೊಡವೆಯನ್ನೂ ಕೂಡಿಸಿಕೊಳ್ಳಿ.

ಆಯ್ಕೆ ಎರಡು ಮೂರಕ್ಕೆ ಇಳಿದ ಮೇಲೆ ಹೋಟೆಲಿಗೇ ನೇರವಾಗಿ ಫೋನು ಮಾಡಿ. ಕಮಿಷನ್ನಿನ ಹೊರೆಯಿಲ್ಲದ ಕಾರಣ ಕೆಲವರು ದರದಲ್ಲಿ ಸ್ವಲ್ಪ ಬಿಡುತ್ತಾರೆ, ಅದು ಹಾಗಿರಲಿ. ಮುಖ್ಯವಾದದ್ದು ನಿಮ್ಮ ಪ್ರಶ್ನೆಗೆ ಅವರು ಉತ್ತರಿಸುವ ರೀತಿ. "ಮೆಟ್ಟಿಲ ದಾರಿ ಎಷ್ಟಿವೆ, ರಾತ್ರಿ ರಿಸೆಪ್ಷನ್‌ನಲ್ಲಿ ಯಾರಾದರೂ ಇರುತ್ತಾರೆಯೇ, ಸ್ನಾನದ ಮನೆಯಲ್ಲಿರುವುದು ಗ್ಯಾಸ್ ಗೀಸರೋ ವಿದ್ಯುತ್ತಿನದೋ?" ಎಂದು ಕೇಳಿ. ಗಾಳಿಯಾಡದ ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಅಲ್ಲಿಯೂ ಅದೇ ಕಾರ್ಬನ್ ಮಾನಾಕ್ಸೈಡಿನ ಅಪಾಯವಿದೆ. ತಿಳಿದವರು ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತಾರೆ. "ಅದೆಲ್ಲ ಏಕೆ ಕೇಳುತ್ತೀರಿ?" ಎಂಬ ಉತ್ತರ ಬಂದರೆ ನನಗಂತೂ ಅಷ್ಟೇ ಸಾಕು. ನೆಟ್‌ನಲ್ಲಿ ಸಿಗುವ ವಿಮರ್ಶೆಗಳಲ್ಲಿಯೂ ತಿಂಡಿ ಚೆನ್ನಾಗಿತ್ತೆಂಬ ಹೊಗಳಿಕೆಗಳನ್ನು ದಾಟಿ, ಇತ್ತೀಚಿನ, ಕಡಿಮೆ ಅಂಕ ಕೊಟ್ಟವರ ಮಾತುಗಳನ್ನು ಓದಿ, ಅತಿಥಿಗಳು ತಾವೇ ತೆಗೆದ ಕಾರಿಡಾರಿನ ಚಿತ್ರಗಳಿವೆಯೇ ನೋಡಿ. ಇಷ್ಟೆಲ್ಲ ಮಾಡಿದರೂ ದೂರದಿಂದ ಎಲ್ಲವನ್ನೂ ತಿಳಿಯಲಾಗದು, ಆದ್ದರಿಂದ ರದ್ದು ಮಾಡಲು ಅವಕಾಶವಿರುವ ಬುಕಿಂಗಿಗೆ ಸ್ವಲ್ಪ ಹೆಚ್ಚು ಕೊಡುವುದನ್ನು ನಾನು ದುಂದು ಎನ್ನುವುದಿಲ್ಲ.

ಕೋಣೆಗೆ ಹೋದ ಕೂಡಲೇ ಹಾಸಿಗೆಯ ಮೇಲೆ ಬೀಳುವ ಮೊದಲು ಒಂದು ಸುತ್ತು ಹೊರಗೆ ನಡೆಯಿರಿ. ನಿಮ್ಮ ಬಾಗಿಲಿನಿಂದ ಮೆಟ್ಟಿಲಿನವರೆಗೆ ನಡುವೆ ಎಷ್ಟು ಬಾಗಿಲುಗಳಿವೆಯೆಂದು ಎಣಿಸಿಕೊಳ್ಳಿ. ಹೊಗೆ ತುಂಬಿದ ಕಾರಿಡಾರಿನಲ್ಲಿ ಫಲಕ ಕಾಣುವುದಿಲ್ಲ, ಗೋಡೆ ತಡವಿಕೊಂಡು ಬಗ್ಗಿ ಹೋಗಬೇಕಾಗುತ್ತದೆ, ಆಗ ಉಪಯೋಗಕ್ಕೆ ಬರುವುದು ಆ ಎಣಿಕೆಯೇ. ಬಾಗಿಲು ತಳ್ಳಿ ನೋಡಿ, ಒಂದು ಮಹಡಿ ಇಳಿದು ನೋಡಿ. ಆದರೆ ಕೆಲವು ಹೋಟೆಲುಗಳಲ್ಲಿ ಮೆಟ್ಟಿಲಿನ ಕಡೆಯಿಂದ ಬಾಗಿಲು ತೆರೆಯುವುದಿಲ್ಲ. ಜೊತೆಯವರೊಬ್ಬರನ್ನು ಬಾಗಿಲು ಹಿಡಿದು ನಿಲ್ಲಲು ಹೇಳಿ, ಕೋಣೆಯ ಕೀಲಿ ಕೈಯಲ್ಲಿರಲಿ. ನಿಜವಾಗಿ ಗಂಟೆ ಬಾರಿಸಿದ ದಿನವೂ ಕೀಲಿ ತೆಗೆದುಕೊಂಡೇ ಹೊರಡಬೇಕು, ಏಕೆಂದರೆ ಹೊರಗೆ ಹೊಗೆ ದಟ್ಟವಾಗಿದ್ದರೆ ಕೋಣೆಗೆ ಮರಳಿ, ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿ, ಫೋನು ಮಾಡಿ ಎಲ್ಲಿದ್ದೀರೆಂದು ತಿಳಿಸಿ, ಕಿಟಕಿಯ ಬಳಿ ಕಾಯುವುದೇ ಎಷ್ಟೋ ಸಲ ಸರಿಯಾದ ದಾರಿ. ಹಂಸ ಮಾಡಿಟ್ಟ ಆ ಟವೆಲಿಗೆ ನನಗೆ ತಿಳಿದಿರುವ ಒಳ್ಳೆಯ ಉಪಯೋಗ ಇದೊಂದೇ.

ಕೊಟ್ಟ ಕೋಣೆ ಹಿಡಿಸದಿದ್ದರೆ ಸಂಕೋಚಪಡದೆ ಬದಲಾವಣೆ ಕೇಳಿ. ಹೆಚ್ಚಿನ ಅತಿಥಿಗಳು ನೋಟಕ್ಕಾಗಿ ಮೇಲಿನ ಮಹಡಿಯನ್ನು ಬಯಸುವುದರಿಂದ, ಮೂರನೆಯ ಮಹಡಿಯಲ್ಲಿ ಮೆಟ್ಟಿಲಿಗೆ ಹತ್ತಿರದ, ರಸ್ತೆಯ ಕಡೆಗಿನ ಕೋಣೆಯನ್ನು ಕೇಳಿದರೆ ಹೆಚ್ಚಿನ ದರವಿಲ್ಲದೆ ಸಿಗುವುದೇ ಹೆಚ್ಚು. ರಸ್ತೆಯ ಗದ್ದಲಕ್ಕೆ ನಿದ್ದೆ ಬರುವುದಿಲ್ಲವೆಂಬ ದೂರು ನನ್ನ ಮನೆಯಲ್ಲಿಯೇ ಇದೆ; ಕಿವಿಗೆ ಹತ್ತಿ ಇಟ್ಟುಕೊಳ್ಳುವವರು ಅಲಾರ್ಮಿನ ಸದ್ದು ಕೇಳುವಷ್ಟು ಸಡಿಲವಾಗಿ ಇಟ್ಟುಕೊಂಡರೆ ಸಾಕು.