ಯೋಬನಿಗೆ ದೇವರು ತೋರಿಸಿದ ಪ್ರಾಣಿಗಳು

ಓದಬೇಕಾದ ಭಾಗ: ಯೋಬನು 38:39ರಿಂದ 39:30. ಪಕ್ಕದಲ್ಲಿ 104ನೆಯ ಕೀರ್ತನೆಯನ್ನೂ ತೆರೆದಿಟ್ಟುಕೊಳ್ಳಿ.

ಪ್ರಾಣಿಲೋಕದಲ್ಲಿ ದೇವರ ಕೈಕೆಲಸ ಕಾಣುತ್ತದೆ ಎನ್ನುವಾಗ ನಾವು ಸಾಮಾನ್ಯವಾಗಿ ಜೇನುಗೂಡಿನ ಆರು ಮೂಲೆಯ ಕೋಣೆಯನ್ನೋ ಗೀಜಗನ ಗೂಡನ್ನೋ ಹೆಸರಿಸುತ್ತೇವೆ. ಒಳ್ಳೆಯ ಉದಾಹರಣೆಗಳೇ. ಆದರೆ ಪ್ರಾಣಿಗಳ ವಿಷಯವಾಗಿ ದೇವರು ಸ್ವತಃ ದೀರ್ಘವಾಗಿ ಮಾತನಾಡುವ ಈ ಭಾಗದಲ್ಲಿ ಅಂಥ ಅಚ್ಚುಕಟ್ಟಾದ ಒಂದು ಉದಾಹರಣೆಯೂ ಇಲ್ಲ. ಇಲ್ಲಿರುವುದು ಸಿಂಹ, ಕಾಗೆ, ಬೆಟ್ಟದ ಮೇಕೆ, ಜಿಂಕೆ, ಕಾಡುಕತ್ತೆ, ಕಾಡುಕೋಣ, ಉಷ್ಟ್ರಪಕ್ಷಿ, ಕುದುರೆ, ಗಿಡುಗ, ಹದ್ದು. ಹತ್ತರಲ್ಲಿ ಮನುಷ್ಯನಿಗೆ ಪಳಗಿದ್ದು ಕುದುರೆಯೊಂದೇ. ಅದನ್ನು ವರ್ಣಿಸುವಾಗಲೂ ದೇವರು ಅದರ ಉಪಯೋಗವನ್ನು ಹೇಳುವುದಿಲ್ಲ. ಕಹಳೆಯ ಧ್ವನಿಗೆ ಅದು ಕೆನೆದು ಭಯವಿಲ್ಲದೆ ಮುನ್ನುಗ್ಗುವುದನ್ನು ಹೇಳುತ್ತಾನೆ.

ಸಂದರ್ಭವನ್ನು ಮರೆಯಬಾರದು. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನು ದೇವರು ಇದ್ದಾನೆಯೇ ಎಂದು ಎಂದೂ ಕೇಳಿದವನಲ್ಲ. ತನ್ನನ್ನು ಹೀಗೇಕೆ ನಡೆಸಿಕೊಂಡೆ ಎಂಬುದು ಅವನ ಪ್ರಶ್ನೆ. ಆದ್ದರಿಂದ ಬಿರುಗಾಳಿಯೊಳಗಿಂದ ಬಂದ ಈ ಉತ್ತರವನ್ನು ದೇವರ ಅಸ್ತಿತ್ವಕ್ಕೆ ಪುರಾವೆಯೆಂದು ಓದಿದರೆ ಗುರಿ ತಪ್ಪುತ್ತದೆ. ತನ್ನ ಕಾಳಜಿ ಯೋಬನ ಬೇಲಿಯಾಚೆಗೆ ಎಷ್ಟು ದೂರ ಹಬ್ಬಿದೆ ಎಂಬುದನ್ನು ದೇವರು ಅವನಿಗೆ ತೋರಿಸುತ್ತಿದ್ದಾನೆ. 38:26ರಲ್ಲಿ ಇದರ ಸುಳಿವು ಆಗಲೇ ಸಿಕ್ಕಿದೆ: ಮನುಷ್ಯರೇ ಇಲ್ಲದ ಮರುಭೂಮಿಯ ಮೇಲೂ ಆತನು ಮಳೆ ಸುರಿಸುತ್ತಾನೆ. ಅಲ್ಲಿ ಬಿತ್ತುವವರಿಲ್ಲ, ಕೊಯ್ಯುವವರಿಲ್ಲ, ಆದರೂ ಹುಲ್ಲು ಮೊಳೆಯುತ್ತದೆ.

ಈಗ 39:13ರಿಂದ 18ರವರೆಗಿನ ಉಷ್ಟ್ರಪಕ್ಷಿಗೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ರೆಕ್ಕೆ ಬಡಿಯುತ್ತದೆ, ಹಾರಲಾರದು. ಮೊಟ್ಟೆಗಳನ್ನು ನೆಲದ ಮೇಲೆ ಬಿಡುತ್ತದೆ, ಯಾರಾದರೂ ತುಳಿದಾರೆಂಬ ಯೋಚನೆಯಿಲ್ಲ. ದೇವರೇ ಅದಕ್ಕೆ ವಿವೇಕವನ್ನು ಕೊಡಲಿಲ್ಲ ಎಂದು ವಚನ ನೇರವಾಗಿ ಹೇಳುತ್ತದೆ. ಆದರೆ ಓಡಲು ಎದ್ದಿತೆಂದರೆ ಕುದುರೆಯನ್ನೂ ಸವಾರನನ್ನೂ ನೋಡಿ ನಗುತ್ತದೆ! ತನ್ನ ಸೃಷ್ಟಿಯಲ್ಲಿ ಒಂದಕ್ಕೆ ಬುದ್ಧಿ ಕಡಿಮೆ ಕೊಟ್ಟು ವೇಗವನ್ನು ಹೆಚ್ಚು ಕೊಟ್ಟೆ ಎಂದು ಸೃಷ್ಟಿಕರ್ತನು ಸಂತೋಷದಿಂದ ಹೇಳಿಕೊಳ್ಳುವ ಈ ಮಾತು ನನಗೆ ಇಡೀ ಗ್ರಂಥದಲ್ಲೇ ಅತ್ಯಂತ ಪ್ರಿಯವಾದ ಮಾತುಗಳಲ್ಲೊಂದು.

ಪ್ರಾಣಿಶಾಸ್ತ್ರ ಇದಕ್ಕೆ ಏನು ಸೇರಿಸುತ್ತದೆ? ಉಷ್ಟ್ರಪಕ್ಷಿ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಅದರ ಪಾದಕ್ಕೆ ಎರಡೇ ಬೆರಳು. ಹಲವು ಹೆಣ್ಣುಗಳು ನೆಲದಲ್ಲಿ ಕೆದರಿದ ಒಂದೇ ಗುಣಿಯಲ್ಲಿ ಮೊಟ್ಟೆಯಿಡುತ್ತವೆ. ಮುಖ್ಯ ಹೆಣ್ಣು ತನ್ನವನ್ನು ನಡುವೆ ಇಟ್ಟುಕೊಂಡು ಉಳಿದವರ ಕೆಲವು ಮೊಟ್ಟೆಗಳನ್ನು ಅಂಚಿಗೆ ತಳ್ಳುತ್ತದೆ. ಹಗಲಲ್ಲಿ ಮಣ್ಣಿನ ಬಣ್ಣದ ಹೆಣ್ಣು, ರಾತ್ರಿಯಲ್ಲಿ ಕಪ್ಪು ಗಂಡು ಕಾವಿಗೆ ಕೂರುತ್ತವೆ. ಅಂದರೆ ಹೊರಗೆ ಚೆಲ್ಲಿಬಿದ್ದ ಮೊಟ್ಟೆಗಳನ್ನು ಕಂಡ ದಾರಿಹೋಕನಿಗೆ ಇದು ಅಲಕ್ಷ್ಯದ ತಾಯಿಯಂತೆಯೇ ತೋರುತ್ತದೆ. ಹತ್ತಿರದಿಂದ ನೋಡಿದವರಿಗೆ ಬೇರೊಂದು ವ್ಯವಸ್ಥೆ ಕಾಣುತ್ತದೆ. ಇವೆರಡನ್ನೂ ಹೊಡೆದಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ಯೋಬನ ಗ್ರಂಥ ಕಾವ್ಯ. ಮರುಭೂಮಿಯ ಅಂಚಿನಲ್ಲಿ ನಿಂತ ಮನುಷ್ಯನ ಕಣ್ಣಿಗೆ ಬಿದ್ದದ್ದನ್ನೇ ಹಿಡಿದು ಅದು ಅವನನ್ನು ಪ್ರಶ್ನಿಸುತ್ತದೆ.

ಬೆಟ್ಟದ ಮೇಕೆಯ ಪ್ರಶ್ನೆಯನ್ನೂ ಹೀಗೆಯೇ ಓದಬೇಕು. ಅವು ಈಯುವ ಕಾಲ ನಿನಗೆ ಗೊತ್ತೋ, ತಿಂಗಳುಗಳನ್ನು ಎಣಿಸುವೆಯಾ ಎಂದು ದೇವರು ಕೇಳುತ್ತಾನೆ. ಇಂದು ನಮಗೆ ಗೊತ್ತು: ಸುಮಾರು ಐದು ತಿಂಗಳು. ಹಾಗಾದರೆ ಪ್ರಶ್ನೆ ತೀರಿತೇ? ಇಲ್ಲ. ಕಡಿದಾದ ಬಂಡೆಯ ಮೇಲೆ, ಯಾರ ನೆರವೂ ಇಲ್ಲದೆ ಬಗ್ಗಿ ಮರಿಹಾಕುವ ಆ ತಾಯಿಯ ಬಳಿ ಯಾರಿದ್ದರು ಎಂಬುದೇ ಅಲ್ಲಿನ ಪ್ರಶ್ನೆ. ಗಿಡುಗದ ವಲಸೆಯೂ ಅಷ್ಟೆ (39:26). ಅಗಲವಾದ ರೆಕ್ಕೆಯ ಹಕ್ಕಿಗಳು ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯನ್ನು ಏರಿ ತೇಲುತ್ತವೆ. ಸಮುದ್ರದ ಮೇಲೆ ಅಂಥ ಗಾಳಿ ಸಾಕಷ್ಟು ಸಿಗುವುದಿಲ್ಲ. ಆದ್ದರಿಂದಲೇ ಯೂರೋಪು ಮತ್ತು ಆಫ್ರಿಕಾಗಳ ನಡುವೆ ಪ್ರಯಾಣಿಸುವ ಲಕ್ಷಾಂತರ ಹಕ್ಕಿಗಳು ಯೊರ್ದನ್ ಕಣಿವೆ ಮತ್ತು ಇಸ್ರಾಯೇಲಿನ ದಕ್ಷಿಣ ತುದಿಯ ಏಲಾತಿನ ಆಕಾಶದಲ್ಲಿ ಕಿಕ್ಕಿರಿಯುತ್ತವೆ. ಚಳಿಗಾಲದಲ್ಲಿ ಹೆಸರಘಟ್ಟದ ಹುಲ್ಲುಗಾವಲಿಗೆ ಬರುವ ಹ್ಯಾರಿಯರ್ ಗಿಡುಗಗಳನ್ನು ನೋಡಿದವರಿಗೆ ಈ ವಚನ ದೂರದ್ದೆನಿಸದು. ಕಾರಣ ತಿಳಿದ ಮೇಲೆ ನನ್ನ ಸ್ತುತಿ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಕಷ್ಟದ ಭಾಗ ಇನ್ನು ಬರುತ್ತದೆ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಪ್ರಸಿದ್ಧವಾದ ವಾದವೊಂದನ್ನು ಮುಂದಿಟ್ಟರು: ಬಯಲಲ್ಲಿ ಗಡಿಯಾರ ಸಿಕ್ಕಿದರೆ ಅದನ್ನು ಮಾಡಿದವನೊಬ್ಬ ಇರಲೇಬೇಕು, ಜೀವಿಗಳ ಅಂಗರಚನೆಯೂ ಹಾಗೆಯೇ ಒಬ್ಬ ರಚನಾಕಾರನನ್ನು ತೋರಿಸುತ್ತದೆ. ಚಾರ್ಲ್ಸ್ ಡಾರ್ವಿನ್ 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಬರೆದ ಪತ್ರದಲ್ಲಿ ಇಕ್ನ್ಯೂಮನ್ ಕಣಜದ ಮಾತೆತ್ತಿದರು. ಅದರ ಮರಿಗಳು ಜೀವಂತ ಕಂಬಳಿಹುಳುವಿನ ಒಡಲನ್ನು ಒಳಗಿನಿಂದ ತಿನ್ನುತ್ತವೆ. ದಯಾಮಯನಾದ ದೇವರು ಇದನ್ನು ಉದ್ದೇಶಪಟ್ಟು ಸೃಷ್ಟಿಸಿದನೆಂದು ತಮಗೆ ನಂಬಲಾಗುತ್ತಿಲ್ಲ ಎಂದರು. ಗ್ರೇ ಡಾರ್ವಿನ್ನರ ಸಿದ್ಧಾಂತವನ್ನು ಅಮೆರಿಕದಲ್ಲಿ ಸಮರ್ಥಿಸಿದವರು, ಕೊನೆಯವರೆಗೂ ಕ್ರೈಸ್ತ ವಿಶ್ವಾಸಿಯಾಗಿಯೇ ಉಳಿದವರು. ಡಾರ್ವಿನ್ನರ ನೋವು ಪ್ರಾಮಾಣಿಕವಾದದ್ದು. ಅದನ್ನು ಸಭೆಯಲ್ಲಿ ಹಗುರವಾಗಿ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಏಕೆಂದರೆ ದೇವರ ಪಟ್ಟಿ ರಕ್ತವನ್ನು ಮುಚ್ಚಿಡುವುದಿಲ್ಲ. ಅದು ಸಿಂಹದ ಬೇಟೆಯಿಂದ ಶುರುವಾಗಿ, ರಕ್ತ ಹೀರುವ ಹದ್ದಿನ ಮರಿಗಳಲ್ಲಿ ಮುಗಿಯುತ್ತದೆ (39:30). 104ನೆಯ ಕೀರ್ತನೆಯಲ್ಲಿ ಸಿಂಹದ ಮರಿಗಳು ದೇವರಿಂದಲೇ ಆಹಾರ ಕೇಳಿ ಗರ್ಜಿಸುತ್ತವೆ. ಹಾಗೆಂದು ಈ ನೋವು ಸಹಜವೆಂದು ಹೇಳಿ ಮುಗಿಸಲೂ ಸತ್ಯವೇದ ಬಿಡುವುದಿಲ್ಲ: ಇಡೀ ಸೃಷ್ಟಿ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂದು ಪೌಲನು ಬರೆಯುತ್ತಾನೆ (ರೋಮಾಪುರದವರಿಗೆ 8:22). ಯೇಸು ಗುಬ್ಬಿಯ ವಿಷಯ ಹೇಳುವಾಗಲೂ ಅದು ನೆಲಕ್ಕೆ ಬೀಳುವುದಿಲ್ಲ ಎನ್ನಲಿಲ್ಲ. ತಂದೆಯ ಚಿತ್ತವಿಲ್ಲದೆ ಬೀಳುವುದಿಲ್ಲ ಎಂದನು (ಮತ್ತಾಯ 10:29). ಗಡಿಯಾರ ಮಾಡಿದವನಿಗೆ ಅದು ಕೆಟ್ಟು ನಿಂತಾಗ ಅದರ ಬಳಿ ಇರಬೇಕಾದ ಹಂಗಿಲ್ಲ. ಸತ್ಯವೇದದ ದೇವರು ಬಿದ್ದ ಗುಬ್ಬಿಯನ್ನು ಬಲ್ಲವನು. ಪೇಲಿಯ ವಾದಕ್ಕಿಂತ ಯೋಬನ ಗ್ರಂಥ ನನಗೆ ಹೆಚ್ಚು ಹಿಡಿಸುವುದು ಈ ಕಾರಣಕ್ಕೆ.

ಕೊನೆಗೆ, ಪಟ್ಟಿಯನ್ನು ಇಂದಿನ ಭೂಪಟದ ಮೇಲಿಟ್ಟು ನೋಡಿ. ಸತ್ಯವೇದದ ನಾಡಿನಿಂದ ಸಿಂಹ ಕಣ್ಮರೆಯಾಗಿ ಶತಮಾನಗಳಾದವು. ಏಷ್ಯಾದ ಸಿಂಹ ಕಾಡಿನಲ್ಲಿ ಉಳಿದಿರುವುದು ನಮ್ಮ ಗುಜರಾತಿನಲ್ಲಿ ಮಾತ್ರ. ಯೋಬನ ಕಾಡುಕೋಣವೆಂದು ಅನೇಕ ವಿದ್ವಾಂಸರು ಗುರುತಿಸುವ ಆರೊಕ್ಸ್ ಎಂಬ ಕಾಡುದನದ ಕೊನೆಯ ಹಸು 1627ರಲ್ಲಿ ಪೋಲೆಂಡಿನಲ್ಲಿ ಸತ್ತಿತು. ಸಿರಿಯಾದ ಕಾಡುಕತ್ತೆ 1927ರ ಹೊತ್ತಿಗೆ ಅಳಿಯಿತು. ಅದರ ಹತ್ತಿರದ ಬಂಧುಗಳು ಕಛ್‌ನ ಚಿಕ್ಕ ರಣ್‌ನಲ್ಲಿ ಇನ್ನೂ ಓಡಾಡುತ್ತಿವೆ. ಕುದುರೆ ಸವಾರನನ್ನು ನೋಡಿ ನಕ್ಕ ಅರೇಬಿಯಾದ ಉಷ್ಟ್ರಪಕ್ಷಿ ಮೋಟಾರು ವಾಹನ ಮತ್ತು ಬಂದೂಕಿನ ಮುಂದೆ ಸೋತು ಇಪ್ಪತ್ತನೆಯ ಶತಮಾನದಲ್ಲಿ ಇಲ್ಲವಾಯಿತು. ಬೆಟ್ಟದ ಮೇಕೆ ಮಾತ್ರ ಮೃತಸಮುದ್ರದ ತೀರದ ಏನ್‌ಗೆದಿಯ ಬಂಡೆಗಳಲ್ಲಿ ಇಂದಿಗೂ ಇದೆ. ದೇವರು ಹೆಮ್ಮೆಯಿಂದ ಹೆಸರಿಸಿದವುಗಳನ್ನು ನಾವು ಅಳಿಸಿದ್ದೇವೆ. ಇದನ್ನು ಪರಿಸರದ ಸುದ್ದಿಯೆಂದು ಬದಿಗಿಡದೆ ಪಾಪದ ಅರಿಕೆಯ ಪ್ರಾರ್ಥನೆಯಲ್ಲಿ ಸೇರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮುಂದಿನ ಪಾಠಕ್ಕೆ 40:15ನ್ನು ಓದಿಕೊಂಡು ಬನ್ನಿ. ಬೆಹೇಮೋತ್ ಎಂಬ ಮಹಾಮೃಗವನ್ನು ತೋರಿಸುತ್ತಾ ದೇವರು, ನಿನ್ನನ್ನು ಉಂಟುಮಾಡಿದಂತೆ ಇದನ್ನೂ ಉಂಟುಮಾಡಿದೆನು ಎನ್ನುತ್ತಾನೆ. ಆದಿಕಾಂಡ 1:28ರಲ್ಲಿ ಮನುಷ್ಯನಿಗೆ ಕೊಟ್ಟ ದೊರೆತನವನ್ನು ಈ ವಚನದ ಬೆಳಕಿನಲ್ಲಿ ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದು ಚರ್ಚೆಯ ಪ್ರಶ್ನೆ.