ಮೊಣಕೈ ಮಡಚಿದರೆ ಕೈ ಯಾಕೆ ಸಣಕಲಾಗುತ್ತದೆ?

ವೆಕ್ಟರ್‌ನಲ್ಲಿ, ಅಂದರೆ ಪಿಕ್ಸೆಲ್ ಚುಕ್ಕಿಗಳ ಬದಲು ಲೆಕ್ಕದ ಗೆರೆಗಳಲ್ಲಿ, ಬಿಡಿಸಿದ ಗೊಂಬೆ ಗೇಮ್‌ನೊಳಗೂ ವೆಕ್ಟರ್ ಆಗಿಯೇ ಇರುತ್ತದೆ, ಎಷ್ಟು ಹಿಗ್ಗಿಸಿದರೂ ಪಿಕ್ಸೆಲ್ ಒಡೆಯುವುದಿಲ್ಲ ಅಂತ ನಂಬಿರುವವರು ಜಾಸ್ತಿ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ರೈವ್ ಥರದ ಕೆಲವು ಸಾಧನಗಳು ಆಟ ನಡೆಯುವಾಗಲೇ ಗೆರೆಗಳನ್ನು ಲೆಕ್ಕ ಹಾಕಿ ಬಿಡಿಸುತ್ತವೆ, ನಿಜ. ಆದರೆ ಹೆಚ್ಚಿನ ಗೇಮ್‌ಗಳಲ್ಲಿ ತಲೆ, ತೋಳು, ಅಂಗೈ ಎಲ್ಲವೂ ಎಕ್ಸ್‌ಪೋರ್ಟ್ ಆಗುವ ಹೊತ್ತಿಗೆ ಪಿಕ್ಸೆಲ್ ಚಿತ್ರಗಳಾಗಿ, ತ್ರಿಕೋನಗಳ ಜಾಲಕ್ಕೆ ಅಂಟಿಕೊಂಡಿರುತ್ತವೆ. ಸಿನ್‌ಫಿಗ್ ಅನ್ನುವ ಅನಿಮೇಶನ್ ಸಾಫ್ಟ್‌ವೇರ್‌ನಲ್ಲಿ ಮೂಳೆ (ಚಿತ್ರದ ಭಾಗಗಳನ್ನು ತಿರುಗಿಸುವ ಅಡಗಿದ ಕಡ್ಡಿ) ಕೂರಿಸಿ ಗೊಂಬೆಯನ್ನು ಕುಣಿಸಿದರೂ ಗೇಮ್‌ಗೆ ಅಂತ ಹೊರಗೆ ಬರುವುದು ಸ್ಪ್ರೈಟ್ ಶೀಟ್, ಅಂದರೆ ಚಲನೆಯ ಒಂದೊಂದು ಫ್ರೇಮನ್ನೂ ಚಿತ್ರವಾಗಿ ಜೋಡಿಸಿಟ್ಟ ಹಾಳೆ.

ಸ್ಪ್ರೈಟ್ ಶೀಟ್ ಯಾಕೆ ದುಬಾರಿ? ಲೆಕ್ಕ ಸುಲಭ. 512 x 512 ಅಳತೆಯ ಒಂದು ಫ್ರೇಮ್, ಒಂದು ಪಿಕ್ಸೆಲ್‌ಗೆ 4 ಬೈಟ್, ಅಂದರೆ ಕುಗ್ಗಿಸದೆ ಇಟ್ಟರೆ ಸರಿಯಾಗಿ 1 ಎಂಬಿ. ಓಡುವುದಕ್ಕೆ 24 ಫ್ರೇಮ್ ಆದರೆ 24 ಎಂಬಿ, ಅಂಥ ಹತ್ತು ಚಲನೆಗೆ 240. ರಿಗ್ ಮಾಡಿದರೆ, ಅಂದರೆ ಗೇಮ್‌ನೊಳಗೇ ಮೂಳೆ ಹಾಕಿ ಕುಣಿಸಿದರೆ, ಬಿಡಿಭಾಗಗಳೆಲ್ಲ 1024 x 1024ರ ಒಂದು ಹಾಳೆಯಲ್ಲಿ, 4 ಎಂಬಿಯಲ್ಲಿ ಮುಗಿಯುತ್ತವೆ. ಉಳಿದದ್ದೆಲ್ಲ ಯಾವ ಮೂಳೆ ಯಾವಾಗ ಎಷ್ಟು ಡಿಗ್ರಿ ಅನ್ನುವ ಅಂಕಿಗಳು ಅಷ್ಟೆ.

ತಮಾಷೆ ಶುರುವಾಗುವುದು ಮೊಣಕೈಯಲ್ಲಿ. ಇಡೀ ಕೈಯನ್ನು ಒಂದೇ ಚಿತ್ರವಾಗಿ ಬಿಡಿಸಿ ಎರಡು ಮೂಳೆ ಹಾಕಿದರೆ, ಮಡಚಿದಾಗ ಕೀಲಿನ ಹತ್ತಿರ ಕೈ ಸೊರಗಿಹೋಗುತ್ತದೆ. ಸಾಫ್ಟ್‌ವೇರ್ ಕೆಟ್ಟಿದೆ ಅಂತ ಬೈಯುತ್ತಾರೆ. ಪಾಪ, ಅದು ಹೇಳಿದ ಕೆಲಸವನ್ನೇ ಮಾಡಿದೆ. ಕೀಲಿನಿಂದ 10 ಪಿಕ್ಸೆಲ್ ದೂರದಲ್ಲಿ, ಕೈಯ ಅಂಚಿನ ಮೇಲೆ ಒಂದು ಬಿಂದು ಇದೆ ಅಂದುಕೊಳ್ಳಿ. ಎರಡೂ ಮೂಳೆಗೆ ಅದರ ಮೇಲೆ ಅರ್ಧರ್ಧ ಹಕ್ಕು. ಮುಂಗೈ 90 ಡಿಗ್ರಿ ತಿರುಗಿದಾಗ ಮೇಲಿನ ಮೂಳೆ ಇಲ್ಲೇ ಇರು ಅನ್ನುತ್ತದೆ, ಕೆಳಗಿನದು ನನ್ನ ಜೊತೆ ಸುತ್ತಿ ಬಾ ಅನ್ನುತ್ತದೆ. ಸಾಫ್ಟ್‌ವೇರ್ ಆ ಎರಡು ಜಾಗಗಳ ನಡುವೆ ನೇರ ಗೆರೆ ಎಳೆದು ಬಿಂದುವನ್ನು ಅದರ ಮಧ್ಯಕ್ಕೆ ಇಡುತ್ತದೆ. ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆ ವೃತ್ತದ ಒಳಗೇ ಹಾಯುತ್ತದೆ ಅಲ್ವಾ? ಅದಕ್ಕೇ 10 ಇದ್ದ ದೂರ ಸುಮಾರು 7ಕ್ಕೆ ಇಳಿಯುತ್ತದೆ. 120 ಡಿಗ್ರಿಗೆ ಮಡಚಿದರೆ ಬರೀ 5. ಕೈ ಅರ್ಧಕ್ಕರ್ಧ ಸಣಕಲು!

ಪರಿಹಾರ ಹಳೆಯದು. ಕೈಯನ್ನು ಎರಡು ತುಂಡು ಮಾಡಿ, ಎರಡರ ತುದಿಯನ್ನೂ ಒಂದೇ ಅಳತೆಯ ಅರ್ಧವೃತ್ತವಾಗಿಸಿ, ಒಂದರ ಮೇಲೊಂದು ಕೂರುವಂತೆ ಇಡಬೇಕು. ತಿರುಗುವ ಬಿಂದು ಆ ವೃತ್ತದ ನಡುವಿಗೇ ಬರಬೇಕು. ತನ್ನ ನಡುವನ್ನೇ ಹಿಡಿದು ಸುತ್ತುವ ವೃತ್ತ ಎಷ್ಟು ತಿರುಗಿದರೂ ಹಾಗೇ ಕಾಣುತ್ತದೆ, ಆದ್ದರಿಂದ ಜೋಡಣೆ ಕಣ್ಣಿಗೆ ಬೀಳುವುದಿಲ್ಲ. ಮೇಲಿನ ತುಂಡಿನ ಕಪ್ಪು ಅಂಚುಗೆರೆಯನ್ನು ಕೀಲಿನ ಜಾಗದಲ್ಲಿ ಮಾತ್ರ ಅಳಿಸಬೇಕು, ಇಲ್ಲದಿದ್ದರೆ ಹೊಲಿಗೆ ಹಾಕಿದ ಹಾಗೆ ಕಾಣುತ್ತದೆ.

ವೆಕ್ಟರ್ ನಿಜವಾಗಿ ಕೈಹಿಡಿಯುವುದು ಇಲ್ಲೇ. ಪಿಕ್ಸೆಲ್ ತುಂಬಿ ಬಿಡಿಸಿದ ವೃತ್ತದ ನಡುವನ್ನು ಊಹಿಸಬೇಕು, ವೆಕ್ಟರ್‌ನಲ್ಲಿ ಅದು ಲೆಕ್ಕದಲ್ಲೇ ಇರುತ್ತದೆ. ವೆಕ್ಟರ್ ಚಿತ್ರದ ವಕ್ರರೇಖೆಗಳ ಲೆಕ್ಕ ಹುಟ್ಟಿದ್ದೂ ಇಂಥದೇ ಖಚಿತತೆಗೆ, ಅದೂ ಕಾರು ಕಾರ್ಖಾನೆಯಲ್ಲಿ. 1959ರ ಹೊತ್ತಿಗೆ ಸಿಟ್ರೊಯೆನ್‌ನಲ್ಲಿ ಪಾಲ್ ಡಿ ಕಾಸ್ಟೆಲ್ಜೋ ಅದನ್ನು ಕಂಡುಕೊಂಡಿದ್ದರು. ಕಂಪನಿ ಗುಟ್ಟಾಗಿ ಇಟ್ಟುಕೊಂಡಿತು. 1960ರ ದಶಕದಲ್ಲಿ ರೆನೋ ಕಂಪನಿಯ ಪಿಯರ್ ಬೆಝಿಯೆ ತಮ್ಮ ಕೆಲಸವನ್ನು ಪ್ರಕಟಿಸಿದರು, ಬೆಝಿಯೆ ವಕ್ರರೇಖೆ ಅಂತ ಅವರ ಹೆಸರೇ ಉಳಿಯಿತು. ಗುಟ್ಟು ಮಾಡಿದ್ದಕ್ಕೆ ಸಿಕ್ಕ ಫಲ!

ಇಷ್ಟೆಲ್ಲ ಮಾಡಿದರೂ ಎಕ್ಸ್‌ಪೋರ್ಟ್‌ನಲ್ಲಿ ಒಂದು ಪೇಚು ಉಳಿಯುತ್ತದೆ. ತುಂಡಿನ ಸುತ್ತಲಿನ ಚೌಕಟ್ಟು 63.4 ಪಿಕ್ಸೆಲ್ ಇದ್ದರೆ ಸಾಫ್ಟ್‌ವೇರ್ ಅದನ್ನು 64 ಮಾಡಬಹುದು, ಆಗ ಕೀಲಿನ ನಡು ಒಂಚೂರು ಸರಿದು ಕೈ ಮಡಚಿದಾಗಲೆಲ್ಲ ಅದುರುತ್ತದೆ. ಚೌಕಟ್ಟನ್ನು ಮೊದಲೇ ಪೂರ್ಣ ಪಿಕ್ಸೆಲ್‌ಗೆ ಕೂರಿಸಿ, ಸುತ್ತ ಒಂದೆರಡು ಪಿಕ್ಸೆಲ್ ಖಾಲಿ ಬಿಡಿ. ಹಾಳೆಯಲ್ಲಿ ಪಕ್ಕದ ತುಂಡಿನ ಬಣ್ಣ ಇದರೊಳಗೆ ನುಸುಳುವುದೂ ಅಷ್ಟರಿಂದಲೇ ತಪ್ಪುತ್ತದೆ.