ಮಿರಾಕಲ್‌ಮ್ಯಾನ್ ಪುಸ್ತಕಗಳು ಇಪ್ಪತ್ತು ವರ್ಷ ಯಾಕೆ ಸಿಗಲಿಲ್ಲ?

ಮಿರಾಕಲ್‌ಮ್ಯಾನ್ ಎಂಬ ಸೂಪರ್‌ಹೀರೋ ಕಾಮಿಕ್ಸ್ ಓದಬೇಕು, ಯಾವ ಪುಸ್ತಕ ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಒಂದೇ ಕಥೆಗೆ ಎರಡು ಪ್ರಕಾಶನಗಳ ಸಂಪುಟಗಳಿವೆ. ನಾಯಕನಿಗೆ ಎರಡು ಹೆಸರು, ಮೊದಲು ಮಾರ್ವೆಲ್‌ಮ್ಯಾನ್, ಆಮೇಲೆ ಮಿರಾಕಲ್‌ಮ್ಯಾನ್. ಹೊಸ ಸಂಪುಟಗಳ ಮೇಲೆ ಮುಖ್ಯ ಲೇಖಕರ ಹೆಸರೇ ಇಲ್ಲ. 1993ರಲ್ಲಿ ಅರ್ಧಕ್ಕೆ ನಿಂತ ಕಥೆಯ ಮುಂದಿನ ಕಂತು 2022ರಲ್ಲಿ ಬಂತು. ಸೂಪರ್‌ಹೀರೋ ಕಾಮಿಕ್ಸ್ ಬಗ್ಗೆ ಗಂಭೀರವಾಗಿ ಮಾತಾಡುವವರೆಲ್ಲ ಹೆಸರಿಸುವ ಈ ಸರಣಿ ಸುಮಾರು ಇಪ್ಪತ್ತು ವರ್ಷ ಅಂಗಡಿಯಲ್ಲಿ ಸಿಗುತ್ತಲೇ ಇರಲಿಲ್ಲ. ಕಥೆ ಕೆಟ್ಟದಾಗಿತ್ತು ಎಂದಲ್ಲ, ಕೊಳ್ಳುವವರು ಇರಲಿಲ್ಲ ಎಂದೂ ಅಲ್ಲ. ಅದನ್ನು ಅಚ್ಚು ಹಾಕುವ ಹಕ್ಕು ಯಾರಿಗಿದೆ ಎಂಬುದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ.

ಬೇರು ಇರುವುದು 1940ರ ಅಮೆರಿಕದಲ್ಲಿ. ಫಾಸೆಟ್ ಎಂಬ ಪ್ರಕಾಶನದ ಕ್ಯಾಪ್ಟನ್ ಮಾರ್ವೆಲ್ ತುಂಬಾ ಜನಪ್ರಿಯನಾದ. ಇವನು ಸೂಪರ್‌ಮ್ಯಾನ್‌ನ ನಕಲು ಎಂದು ಸೂಪರ್‌ಮ್ಯಾನ್‌ನ ಪ್ರಕಾಶಕರು ಮೊಕದ್ದಮೆ ಹಾಕಿದರು. ವರ್ಷಗಟ್ಟಲೆ ನಡೆದ ಜಗಳ 1953ರಲ್ಲಿ ಮುಗಿಯಿತು. ಫಾಸೆಟ್ 4 ಲಕ್ಷ ಡಾಲರ್ ಕೊಟ್ಟು ಕ್ಯಾಪ್ಟನ್ ಮಾರ್ವೆಲ್‌ನನ್ನು ನಿಲ್ಲಿಸಿತು. ಇದರ ಬಿಸಿ ಲಂಡನ್ನಿನ ಎಲ್. ಮಿಲ್ಲರ್ ಅಂಡ್ ಸನ್ ಕಂಪನಿಗೂ ತಟ್ಟಿತು. ಅವರು ಆ ಕಥೆಗಳನ್ನೇ ಬ್ರಿಟನ್ನಿನಲ್ಲಿ ಮರುಮುದ್ರಿಸಿ ಮಾರುತ್ತಿದ್ದರು. ಅಮೆರಿಕದಿಂದ ಬರುತ್ತಿದ್ದ ಸರಕು ನಿಂತಾಗ, ಅಂಥದ್ದೇ ಇನ್ನೊಬ್ಬ ನಾಯಕನನ್ನು ಮಾಡಿಕೊಡಿ ಎಂದು ಮಿಕ್ ಆಂಗ್ಲೋ ಎಂಬ ಕಾಮಿಕ್ಸ್ ಕಲಾವಿದರನ್ನು ಕೇಳಿದರು. ಹೀಗೆ 1954ರ ಫೆಬ್ರವರಿಯಲ್ಲಿ ಮಾರ್ವೆಲ್‌ಮ್ಯಾನ್ ಬಂದ. ಮೊದಲ ಸಂಚಿಕೆಯ ಸಂಖ್ಯೆಯೇ 25. ಹಳೇ ಓದುಗರು ಕೈಬಿಟ್ಟು ಹೋಗಬಾರದು ಎಂದು ಕ್ಯಾಪ್ಟನ್ ಮಾರ್ವೆಲ್ ನಿಂತ ಸಂಖ್ಯೆಯಿಂದಲೇ ಮುಂದುವರಿಸಿದ್ದರು. ಮಿಕಿ ಮೋರನ್ ಎಂಬ ಹುಡುಗ ‘ಕಿಮೋಟಾ’ ಎಂದು ಕೂಗಿದರೆ ಮಾರ್ವೆಲ್‌ಮ್ಯಾನ್ ಆಗುತ್ತಿದ್ದ. ಜೊತೆಗೆ ಯಂಗ್ ಮಾರ್ವೆಲ್‌ಮ್ಯಾನ್ ಮತ್ತು ಕಿಡ್ ಮಾರ್ವೆಲ್‌ಮ್ಯಾನ್. ಮಕ್ಕಳಿಗಾಗಿ ಬರೆದ ಸರಳ ಕಥೆಗಳು. 1963ರಲ್ಲಿ ಅವೂ ನಿಂತವು.

ಆ ಪಾತ್ರದ ಹಕ್ಕು ಮಿಲ್ಲರ್ ಕಂಪನಿಯದೋ, ಸೃಷ್ಟಿಸಿದ ಆಂಗ್ಲೋ ಅವರದೋ? ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕಾಮಿಕ್ಸ್ ಎಂದರೆ ಓದಿ ಬಿಸಾಡುವ ಕಾಗದ ಎಂದೇ ಆ ಕಾಲದಲ್ಲಿ ಎಲ್ಲರೂ ತಿಳಿದಿದ್ದರು. ಮುಂದಿನ ಎಲ್ಲ ತೊಡಕೂ ಹುಟ್ಟಿದ್ದು ಇಲ್ಲಿಂದ.

1982ರ ಮಾರ್ಚಿನಲ್ಲಿ ಡೆಜ್ ಸ್ಕಿನ್ ಬ್ರಿಟನ್ನಿನಲ್ಲಿ ‘ವಾರಿಯರ್’ ಎಂಬ ಕಪ್ಪು-ಬಿಳುಪು ಪತ್ರಿಕೆ ಶುರು ಮಾಡಿದರು. ಅದರಲ್ಲಿ ಮಾರ್ವೆಲ್‌ಮ್ಯಾನ್‌ಗೆ ಮರುಜನ್ಮ ಸಿಕ್ಕಿತು. ಬರೆದವರು ಅಲನ್ ಮೂರ್. ಚಿತ್ರ ಮೊದಲು ಗ್ಯಾರಿ ಲೀಚ್, ಆಮೇಲೆ ಅಲನ್ ಡೇವಿಸ್. ಮಿಕಿ ಮೋರನ್ ಈಗ ಮೈಕ್ ಮೋರನ್. ನಡುವಯಸ್ಸಿನ ಪತ್ರಕರ್ತ, ಮದುವೆಯಾಗಿದೆ, ತಲೆನೋವು ಕಾಡುತ್ತದೆ, ರಾತ್ರಿ ಹಾರುವ ಕನಸು ಬೀಳುತ್ತದೆ. ಒಂದು ದಿನ ಅಣು ಸ್ಥಾವರದ ಗಾಜಿನ ಬಾಗಿಲಿನ ಮೇಲಿದ್ದ ‘ಅಟಾಮಿಕ್’ (ATOMIC) ಎಂಬ ಅಕ್ಷರಗಳನ್ನು ಹಿಂದಿನಿಂದ ಓದುತ್ತಾನೆ. ಮರೆತೇ ಹೋಗಿದ್ದ ಮಂತ್ರ ಬಾಯಿಗೆ ಬರುತ್ತದೆ. ಹಳೇ ಸಾಹಸಗಳೆಲ್ಲ ಸರ್ಕಾರಿ ವಿಜ್ಞಾನಿಯೊಬ್ಬ ಅವನ ತಲೆಗೆ ತುಂಬಿದ ಕನಸುಗಳು ಎಂಬುದು ಆಮೇಲೆ ಗೊತ್ತಾಗುತ್ತದೆ. ಇಂಥ ಶಕ್ತಿ ನಿಜವಾಗಿಯೂ ಒಬ್ಬನಿಗೆ ಇದ್ದರೆ ಅವನ ಹೆಂಡತಿಗೆ, ಊರಿಗೆ, ಸರ್ಕಾರಕ್ಕೆ ಏನಾಗುತ್ತದೆ ಎಂದು ಇಷ್ಟು ಕಟುವಾಗಿ ಕೇಳಿದ ಸೂಪರ್‌ಹೀರೋ ಕಥೆ ಅದಕ್ಕೆ ಮೊದಲು ಇರಲಿಲ್ಲ ಎಂದೇ ನನಗನಿಸುತ್ತದೆ.

ಹಕ್ಕು ಲೇಖಕ, ಚಿತ್ರಕಾರ, ಸಂಪಾದಕರ ನಡುವೆ ಹಂಚಿಕೆಯಾಗಿದೆ ಎಂದು ಆಗ ಎಲ್ಲರೂ ನಂಬಿದ್ದರು. ಆ ಕಾಲಕ್ಕೆ ಇದು ಒಳ್ಳೆಯ ಯೋಚನೆಯೇ. ದೊಡ್ಡ ಕಂಪನಿಗಳಲ್ಲಿ ಬರೆದವನಿಗೆ, ಬಿಡಿಸಿದವನಿಗೆ ಇಷ್ಟೂ ಸಿಗುತ್ತಿರಲಿಲ್ಲ. ಆದರೆ ಹಳೇ ಪಾತ್ರದ ಹಕ್ಕು ವಾರಿಯರ್‌ಗೆ ಬಂದದ್ದು ಹೇಗೆ ಎಂಬುದಕ್ಕೆ ಗಟ್ಟಿ ಕಾಗದ ಇರಲಿಲ್ಲ. 1984ರಲ್ಲಿ ಇನ್ನೊಂದು ತಕರಾರು ಬಂತು. ಹೆಸರಿನಲ್ಲಿ ‘ಮಾರ್ವೆಲ್’ ಇದೆ ಎಂದು ಮಾರ್ವೆಲ್ ಕಾಮಿಕ್ಸ್ ಆಕ್ಷೇಪಿಸಿತು. ಒಳಗೂ ಮನಸ್ತಾಪ ಶುರುವಾಗಿತ್ತು. 21ನೇ ಸಂಚಿಕೆಗೆ ಕಥೆ ನಡುವಿನಲ್ಲೇ ನಿಂತಿತು. 26ನೇ ಸಂಚಿಕೆಗೆ ಪತ್ರಿಕೆಯೇ ನಿಂತಿತು.

1985ರಲ್ಲಿ ಕಥೆ ಅಮೆರಿಕದ ಎಕ್ಲಿಪ್ಸ್ ಕಾಮಿಕ್ಸ್‌ಗೆ ಹೋಯಿತು. ತಕರಾರು ಬೇಡವೆಂದು ಹೆಸರು ಮಿರಾಕಲ್‌ಮ್ಯಾನ್ ಆಯಿತು. ಮೊದಲ ಆರು ಸಂಚಿಕೆಗಳಲ್ಲಿ ಬಹುಪಾಲು ವಾರಿಯರ್‌ನ ಪುಟಗಳೇ, ಬಣ್ಣ ಹಾಕಿದ್ದು. ಕಪ್ಪು-ಬಿಳುಪಿಗೆಂದು ಬಿಡಿಸಿದ ಪುಟಗಳಿಗೆ ಆಮೇಲೆ ಬಣ್ಣ ಬಳಿದದ್ದು ಎದ್ದು ಕಾಣುತ್ತದೆ. ಲೀಚ್ ಅವರ ಸೂಕ್ಷ್ಮ ಗೆರೆಗಳು ಅದರಡಿ ಅಷ್ಟಿಷ್ಟು ಮುಚ್ಚಿಹೋದವು. ತಮ್ಮ ಪುಟಗಳನ್ನು ಅಮೆರಿಕದಲ್ಲಿ ಮರುಮುದ್ರಿಸುವುದು ಡೇವಿಸ್ ಅವರಿಗೆ ಇಷ್ಟವಿರಲಿಲ್ಲ. ಅವರಿಗೂ ಮೂರ್‌ಗೂ ನಡುವೆ ಮಾತು ಮುರಿಯಿತು. ಆ ಪುಟಗಳ ಸೊಗಸು ನೋಡಿದವರಿಗೆ ಇದು ಇವತ್ತಿಗೂ ಬೇಸರದ ವಿಷಯ.

1986ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ರಷ್ಯನ್ ನದಿ ಉಕ್ಕಿ ಎಕ್ಲಿಪ್ಸ್ ಕಚೇರಿಗೆ ನೀರು ನುಗ್ಗಿತು. ದಾಸ್ತಾನು ಹಾಳಾಯಿತು. ಹೊಸ ಕಂತು ಸಿದ್ಧವಿಲ್ಲದೆ 8ನೇ ಸಂಚಿಕೆಯಲ್ಲಿ ಆಂಗ್ಲೋ ಕಾಲದ ಹಳೇ ಕಥೆಗಳನ್ನು ಹಾಕಿದರು. ಸಂಪುಟಗಳಲ್ಲಿ 7 ಆದ ಮೇಲೆ ನೇರವಾಗಿ 9ಕ್ಕೆ ಹೋಗುವುದು ಇದಕ್ಕೇ, ನಡುವೆ ಕಥೆ ಏನೂ ತಪ್ಪಿಲ್ಲ. 9ನೇ ಸಂಚಿಕೆಯಲ್ಲಿ ಹೆರಿಗೆಯ ದೃಶ್ಯ ಇದ್ದದ್ದು ಇದ್ದ ಹಾಗೆ ಬಂತು. ರಿಕ್ ವೀಚ್ ಬಿಡಿಸಿದ್ದು. ಮುಖಪುಟದಲ್ಲೇ ಎಚ್ಚರಿಕೆ ಹಾಕಿದ್ದರು. ಜನ ಹೊಡೆದಾಡಿ ಸಾಯುವ ಪುಟಗಳಿಗೆ ಇಲ್ಲದ ಎಚ್ಚರಿಕೆ ಮಗು ಹುಟ್ಟುವ ಪುಟಕ್ಕೆ ಬೇಕಾಯಿತು, ಯೋಚಿಸಬೇಕಾದ ಮಾತು ಅಲ್ವಾ?

ಇಡೀ ಸರಣಿಯ ಶಿಖರ ಎಂದರೆ 11ರಿಂದ 16. ಚಿತ್ರ ಜಾನ್ ಟೋಟಲ್‌ಬೆನ್. 1988ರಲ್ಲಿ ಬಂದ 15ನೇ ಸಂಚಿಕೆಯಲ್ಲಿ ಒಂದು ಕಾಲದ ಕಿಡ್ ಮಿರಾಕಲ್‌ಮ್ಯಾನ್ ಲಂಡನ್ ನಗರವನ್ನು ನುಚ್ಚುನೂರು ಮಾಡುತ್ತಾನೆ. ಹೊಡೆತ, ಹಾರಾಟದ ರೋಮಾಂಚನ ಅಲ್ಲಿಲ್ಲ. ಸತ್ತವರು, ಅಂಗಹೀನರಾದವರು, ಬೀದಿಗಳಲ್ಲಿ ಹೆಣಗಳು. ಟೋಟಲ್‌ಬೆನ್ ಪುಟ ಪುಟದಲ್ಲೂ ಅದನ್ನು ಬಿಡಿಸಿದ್ದಾರೆ, ಒಂದು ಇಂಚನ್ನೂ ಸುಮ್ನೆ ಬಿಟ್ಟಿಲ್ಲ. ನೋಡುವವನಿಗೆ ಕಣ್ಣು ತಿರುಗಿಸಬೇಕು ಅನಿಸುತ್ತದೆ. ಸೂಪರ್‌ಹೀರೋಗಳು ಊರಿನ ನಡುವೆ ಕಾದಾಡಿದರೆ ಊರಿನವರಿಗೆ ಏನಾಗುತ್ತದೆ ಎಂಬುದನ್ನು ಆಮೇಲೆ ಎಷ್ಟೋ ಕಾಮಿಕ್ಸ್, ಸಿನಿಮಾಗಳು ತೋರಿಸಲು ನೋಡಿವೆ. ಈ ಸಂಚಿಕೆಯ ಭಾರ ಅವುಗಳಲ್ಲಿ ನನಗೆ ಕಂಡಿಲ್ಲ.

ಮುಂದಿನ ಸಂಚಿಕೆಗೆ ಓದುಗರು ಒಂದು ವರ್ಷಕ್ಕೂ ಜಾಸ್ತಿ ಕಾದರು. 1989ರ ಡಿಸೆಂಬರಿನ 16ನೇ ಸಂಚಿಕೆ ಮೂರ್ ಬರೆದ ಕೊನೆಯದು. ಅದರಲ್ಲಿ ಯುದ್ಧವಿಲ್ಲ. ಮಿರಾಕಲ್‌ಮ್ಯಾನ್ ಮತ್ತು ಜೊತೆಗಾರರು ಲೋಕದ ಆಡಳಿತ ಕೈಗೆ ತಗೊಳ್ಳುತ್ತಾರೆ. ಹಣವನ್ನೇ ರದ್ದು ಮಾಡುತ್ತಾರೆ. ಬಡತನ ಇಲ್ಲ, ಅಣ್ವಸ್ತ್ರ ಇಲ್ಲ. ಅವನ ಹೆಂಡತಿಗೆ ಆ ಸ್ವರ್ಗ ಬೇಡವಾಗುತ್ತದೆ. ಯಾಕೆ ಬೇಡ ಎಂಬುದು ಅವನಿಗೆ ಕೊನೆವರೆಗೂ ಅರ್ಥವಾಗುವುದಿಲ್ಲ.

ಎಕ್ಲಿಪ್ಸ್ ಈ ಕಂತುಗಳನ್ನು ಮೂರು ಸಂಪುಟ ಮಾಡಿತು. ‘ಎ ಡ್ರೀಮ್ ಆಫ್ ಫ್ಲೈಯಿಂಗ್’, ‘ದಿ ರೆಡ್ ಕಿಂಗ್ ಸಿಂಡ್ರೋಮ್’, ‘ಒಲಿಂಪಸ್’. ಬಿಡಿ ಸಂಚಿಕೆ ಹುಡುಕುವುದು ಬೇಡ, ಕಪಾಟಿನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಓದಬಹುದು ಎಂಬ ಪದ್ಧತಿ ಆಗಷ್ಟೇ ಬೇರೂರುತ್ತಿತ್ತು. ಮೂರ್ ತಮ್ಮ ಪಾಲಿನ ಹಕ್ಕನ್ನು ನೀಲ್ ಗೇಮನ್ ಎಂಬ ಕಿರಿಯ ಲೇಖಕರಿಗೆ ಕೊಟ್ಟು ಹೊರಟರು. ಗೇಮನ್ ಮತ್ತು ಚಿತ್ರಕಾರ ಮಾರ್ಕ್ ಬಕಿಂಗ್‌ಹ್ಯಾಮ್ 1990ರಿಂದ ಮೂರು ಭಾಗ ಯೋಜಿಸಿದರು: ಚಿನ್ನದ ಯುಗ, ಬೆಳ್ಳಿಯ ಯುಗ, ಕತ್ತಲ ಯುಗ. ಚಿನ್ನದ ಯುಗದ ಆರು ಸಂಚಿಕೆಗಳಲ್ಲಿ ನಾಯಕ ಹಿನ್ನೆಲೆಗೆ ಸರಿಯುತ್ತಾನೆ. ಸ್ವರ್ಗದಲ್ಲಿ ಬದುಕುವ ಸಾಮಾನ್ಯರ ಕಥೆಗಳು ಅವು. ಅವೂ ಒಂದು ಸಂಪುಟವಾದವು. ಬೆಳ್ಳಿಯ ಯುಗದ ಎರಡೇ ಸಂಚಿಕೆ, 23 ಮತ್ತು 24, ಬಂದವು. 1993ರಲ್ಲಿ 24 ಬಂದ ಮೇಲೆ ಮುಂದೇನೂ ಬರಲಿಲ್ಲ. ಎಕ್ಲಿಪ್ಸ್ ದಿವಾಳಿಯಾಯಿತು.

ಆಗ ಕಾಣೆಯಾದದ್ದು ಮುಂದಿನ ಕಂತು ಮಾತ್ರವಲ್ಲ. ಹಿಂದಿನ ಪುಸ್ತಕಗಳೂ ಹೋದವು. ಸಂಪುಟಗಳ ಮರುಮುದ್ರಣ ನಿಂತಿತು. ಹಳೇ ಪ್ರತಿಗಳ ಬೆಲೆ ಏರುತ್ತಾ ಹೋಯಿತು. 15ನೇ ಸಂಚಿಕೆ ಸಂಗ್ರಾಹಕರ ಸೊತ್ತಾಯಿತು. ಈ ಕಥೆಯ ಹೆಸರು ಕೇಳಿ ಬೆಳೆದ ಒಂದು ತಲೆಮಾರಿನ ಬಹಳಷ್ಟು ಮಂದಿ ಅದನ್ನು ಓದಿದ್ದು ಯಾರೋ ಸ್ಕ್ಯಾನ್ ಮಾಡಿಟ್ಟ ಮಸುಕು ಪುಟಗಳಲ್ಲಿ.

ಇದೇ ವಾರಿಯರ್ ಪತ್ರಿಕೆಯಲ್ಲಿ ಮೂರ್ ಅವರ ‘ವಿ ಫಾರ್ ವೆಂಡೆಟ್ಟಾ’ ಕೂಡ ಶುರುವಾಗಿತ್ತು. ಅದು ಡಿಸಿ ಕಂಪನಿಗೆ ಹೋಗಿ ಪೂರ್ತಿಯಾಯಿತು. ಪುಸ್ತಕ ಮುದ್ರಣದಲ್ಲಿ ಇಲ್ಲದಾದರೆ ಹಕ್ಕು ಬರೆದವರಿಗೆ, ಬಿಡಿಸಿದವರಿಗೆ ವಾಪಸ್ ಬರುತ್ತದೆ ಎಂಬ ಮಾತು ಅದರ ಒಪ್ಪಂದದಲ್ಲಿತ್ತು. ಪುಸ್ತಕ ಯಾವತ್ತೂ ಮುದ್ರಣದಿಂದ ಹೊರಗೆ ಹೋಗಲಿಲ್ಲ, ಹಕ್ಕೂ ವಾಪಸ್ ಬರಲಿಲ್ಲ. ಒಂದು ಕಡೆ ಓದುಗನಿಗೆ ಪುಸ್ತಕ ಸಿಕ್ಕಿತು, ಸೃಷ್ಟಿಸಿದವರಿಗೆ ಹಕ್ಕು ಸಿಗಲಿಲ್ಲ. ಇನ್ನೊಂದು ಕಡೆ ಹಕ್ಕು ಹಂಚಿಕೊಳ್ಳುವ ಒಳ್ಳೆಯ ಮನಸ್ಸಿತ್ತು, ಅದನ್ನು ಗಟ್ಟಿಯಾಗಿ ಬರೆದಿಡಲಿಲ್ಲ, ಕೊನೆಗೆ ಪುಸ್ತಕವೇ ಇಲ್ಲವಾಯಿತು. ಎರಡೂ ಸಂದರ್ಭದಲ್ಲಿ ನಷ್ಟ ಆದದ್ದು ಕೆಲಸ ಮಾಡಿದವರಿಗೆ.

1996ರಲ್ಲಿ ಎಕ್ಲಿಪ್ಸ್‌ನ ಆಸ್ತಿಯನ್ನು ‘ಸ್ಪಾನ್’ ಕಾಮಿಕ್ಸ್‌ನ ಟಾಡ್ ಮ್ಯಾಕ್‌ಫಾರ್ಲೇನ್ 25,000 ಡಾಲರ್ ಕೊಟ್ಟು ಕೊಂಡರು. ಅದರೊಳಗೆ ಮಿರಾಕಲ್‌ಮ್ಯಾನ್ ಹಕ್ಕೂ ಬಂತು ಎಂದು ಅವರ ನಂಬಿಕೆ. ಗೇಮನ್ ‘ಸ್ಪಾನ್’ನ 9ನೇ ಸಂಚಿಕೆ ಬರೆದು ಅಲ್ಲಿ ಕೆಲವು ಹೊಸ ಪಾತ್ರಗಳನ್ನು ತಂದಿದ್ದರು. ಆ ಪಾತ್ರಗಳನ್ನೂ ಮಿರಾಕಲ್‌ಮ್ಯಾನ್ ಹಕ್ಕನ್ನೂ ಅದಲುಬದಲು ಮಾಡಿಕೊಳ್ಳುವ ಮಾತು 1997ರಲ್ಲಿ ನಡೆದು ಮುರಿದುಬಿತ್ತು. 2002ರಲ್ಲಿ ವಿಷಯ ಅಮೆರಿಕದ ವಿಸ್ಕಾನ್ಸಿನ್‌ನ ನ್ಯಾಯಾಲಯಕ್ಕೆ ಹೋಯಿತು. ಗೇಮನ್ ಗೆದ್ದರು. 2004ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಆದರೆ ಗೆದ್ದದ್ದು ಸ್ಪಾನ್ ಪಾತ್ರಗಳ ಪಾಲನ್ನು. ಮಿರಾಕಲ್‌ಮ್ಯಾನ್ ಯಾರದು ಎಂಬ ಪ್ರಶ್ನೆ ಹಾಗೇ ಉಳಿಯಿತು. ಈ ಹೋರಾಟಕ್ಕಾಗಿ ಗೇಮನ್ ಮಾರ್ವೆಲ್ ಕಂಪನಿಗೆ ‘1602’ ಎಂಬ ಸರಣಿ ಬರೆದು ಅದರ ಗಳಿಕೆಯನ್ನು ಹಾಕಿದರು.

ಎಲ್ಲರ ಲೆಕ್ಕವನ್ನೂ ತಲೆಕೆಳಗು ಮಾಡಿದ ಸುದ್ದಿ ಬಂದದ್ದು 2009ರ ಜುಲೈಯಲ್ಲಿ, ಸ್ಯಾನ್ ಡಿಯಾಗೋ ಕಾಮಿಕ್-ಕಾನ್ ಎಂಬ ಕಾಮಿಕ್ಸ್ ಮೇಳದಲ್ಲಿ. ಮಾರ್ವೆಲ್‌ಮ್ಯಾನ್ ಹಕ್ಕನ್ನು ಮಿಕ್ ಆಂಗ್ಲೋ ಅವರಿಂದಲೇ ಕೊಂಡಿದ್ದೇವೆ ಎಂದು ಮಾರ್ವೆಲ್ ಘೋಷಿಸಿತು. 1984ರಲ್ಲಿ ಹೆಸರಿಗೆ ಆಕ್ಷೇಪಿಸಿದ ಕಂಪನಿಯೇ ಈಗ ಪಾತ್ರದ ಒಡೆಯ. ಅದಕ್ಕಿಂತ ದೊಡ್ಡ ವಿಷಯ ಒಂದಿದೆ. ಹಕ್ಕು ಮೊದಲಿಂದಲೂ ಆಂಗ್ಲೋ ಹತ್ತಿರವೇ ಇದ್ದಿದ್ದರೆ, 1982ರಿಂದ ಹಂಚಿದ್ದು, ಮಾರಿದ್ದು, ದಾನ ಕೊಟ್ಟದ್ದು, ಕೋರ್ಟಿನಲ್ಲಿ ಕೇಳಿದ್ದು ಏನನ್ನು? ಹಾಗಂತ ಯಾರೂ ಮೋಸ ಮಾಡಿದ್ದರು ಎಂದು ಹೇಳಲಾಗದು. ಪ್ರತಿಯೊಬ್ಬರೂ ಹಿಂದಿನವರ ಮಾತನ್ನು ನಂಬಿದರು. ಆಂಗ್ಲೋ 2011ರಲ್ಲಿ ತೀರಿಕೊಂಡರು. ಬದುಕಿರುವಾಗಲೇ ಅವರ ಹಕ್ಕಿಗೆ ಮನ್ನಣೆ ಸಿಕ್ಕಿತು ಎಂಬುದು ಈ ಇಡೀ ಕಥೆಯಲ್ಲಿ ನನಗೆ ಸಮಾಧಾನ ಕೊಡುವ ಸಂಗತಿ.

ಆಂಗ್ಲೋ ಕಾಲದ ಕಥೆಗಳು ಬೇಗ ಬಂದವು. ಓದುಗರು ಕಾಯುತ್ತಿದ್ದ ಕಥೆ ಬರಲು 2014ರ ಜನವರಿ ಆಯಿತು. ಹೆಸರು ಮಿರಾಕಲ್‌ಮ್ಯಾನ್ ಎಂದೇ ಉಳಿಯಿತು. ಚಿತ್ರಗಳನ್ನು ತಿದ್ದಿ ಹಸನು ಮಾಡಿದರು, ಸ್ಟೀವ್ ಆಲಿಫ್ ಹೊಸದಾಗಿ ಬಣ್ಣ ಹಾಕಿದರು. ಗೆರೆಗಳು ಈಗ ನಿಚ್ಚಳವಾಗಿ ಕಾಣುತ್ತವೆ. ಮೂರ್ ತಮ್ಮ ಹೆಸರು ಹಾಕಬೇಡಿ ಎಂದರು. ಹಾಗಾಗಿ ಅವರ ಜಾಗದಲ್ಲಿ ‘ಮೂಲ ಲೇಖಕ’ ಎಂದಷ್ಟೇ ಇದೆ. ಅವರ ನಿರ್ಧಾರಕ್ಕೆ ಗೌರವ ಕೊಡಲೇಬೇಕು. ಆದರೂ ಹೊಸದಾಗಿ ಓದುವ ಹುಡುಗನೊಬ್ಬ ಇದನ್ನು ಬರೆದವರು ಯಾರು ಎಂದು ಪುಸ್ತಕದಿಂದಲೇ ತಿಳಿಯಲಾರ ಎಂಬುದು ಮನಸ್ಸಿಗೆ ಒಗ್ಗುವುದಿಲ್ಲ.

ಬೆಳ್ಳಿಯ ಯುಗ ಮತ್ತೆ ಶುರುವಾದದ್ದು 2022ರ ಅಕ್ಟೋಬರಿನಲ್ಲಿ. ಎಕ್ಲಿಪ್ಸ್‌ನ ಕೊನೆಯ ಎರಡು ಸಂಚಿಕೆಗಳನ್ನು ಬಕಿಂಗ್‌ಹ್ಯಾಮ್ ಹೊಸದಾಗಿ ಬಿಡಿಸಿದರು. ಮೂರನೆಯದರಿಂದ ಯಾರೂ ಓದಿರದ ಕಥೆ. ಏಳು ಸಂಚಿಕೆಗಳಲ್ಲಿ ಆ ಭಾಗ ಮುಗಿದು ಸಂಪುಟವೂ ಬಂದಿದೆ. ಕತ್ತಲ ಯುಗ ಇನ್ನೂ ಬಂದಿಲ್ಲ.

ಈಗ ಮೊದಲಿನ ಪ್ರಶ್ನೆ. ಮೂರ್ ಬರೆದ ಭಾಗವೆಲ್ಲ ಮಾರ್ವೆಲ್‌ನ 2022ರ ದಪ್ಪ ಆಮ್ನಿಬಸ್‌ನಲ್ಲಿ ಒಟ್ಟಿಗೆ ಇದೆ. ಅದು ದುಬಾರಿ ಅನಿಸಿದರೆ 2014-15ರ ಮೂರು ಸಂಪುಟಗಳನ್ನು ಹುಡುಕಿ. ಹೆಸರುಗಳು ಎಕ್ಲಿಪ್ಸ್ ಇಟ್ಟವೇ, ಹಾಗಾಗಿ ಹಳೇ ಪ್ರತಿಗಳ ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಮುಖಪುಟದಲ್ಲಿ ಪ್ರಕಾಶಕರ ಗುರುತು ನೋಡಿ. ಚಿನ್ನದ ಯುಗ, ಬೆಳ್ಳಿಯ ಯುಗ ಬೇರೆ ಬೇರೆ ಸಂಪುಟ. 16ನೇ ಸಂಚಿಕೆ ಓದದೆ ಅವಕ್ಕೆ ಕೈಹಾಕಬೇಡಿ. ಮಕ್ಕಳ ಕೈಗೆ ಇವು ಯಾವುವೂ ಬೇಡ.